ಹಗ್ಗದ ಪುಸ್ತಕ

ನಮ್ಮ ಕ್ಯಾಂಪಿನಲ್ಲಿ ಹನ್ನೊಂದು ಹಗ್ಗ.
ಒಂದೊಂದಕ್ಕೂ ಒಂದು ಪುಟ:
ಕೊಂಡ ದಿನ, ಉದ್ದ, ಬಣ್ಣ,
ಯಾರು ಬಿದ್ದರು, ಎಷ್ಟು ಅಡಿ ಬಿದ್ದರು, ಷರಾ.
ಬರೆಯುವವಳು ನಾನು,
ಕಲ್ಲು ಒಡೆಯುವ ಗಟ್ಟಪ್ಪನ ಮಗಳು ಅಲುವೇಲು.

ಅಂತರಗಂಗೆಯ ಬಂಡೆಗಳಿಗೆ ಚಳಿಗಾಲವೇ ಒಳ್ಳೆಯ ಕಾಲ.
ಅವರೆಕಾಯಿ ಸೊಗಡು ಇನ್ನೂ ಬೆರಳಲ್ಲಿರುವಾಗಲೇ
ಬೆರಳು ಕಲ್ಲಿಗೆ ಅಂಟುತ್ತದೆ.
ಹಿಡಿತ ಚೆನ್ನಾಗಿದೆ ಅನ್ನುತ್ತಾರೆ ಹತ್ತಲು ಬಂದವರು.
ಕಲ್ಲು ಈಗ ಮಾತು ಕೇಳುತ್ತೆ ಅನ್ನುತ್ತಿದ್ದ ಅಪ್ಪ.
ಬೆಳಗಿನ ಏಳಕ್ಕೆ ಮಂಜು ಕೋಲಾರವನ್ನು ನುಂಗಿರುತ್ತದೆ;
ಬಸ್‌ಸ್ಟ್ಯಾಂಡಿನ ಹಾರನ್ನು ಮಾತ್ರ
ಒಂದೊಂದಾಗಿ ಬೆಟ್ಟ ಹತ್ತಿ ಬರುತ್ತದೆ, ಹಗ್ಗವಿಲ್ಲದೆ.

ಯುಗಾದಿ ಕಳೆಯಿತೋ, ಬಂಡೆಯೆಲ್ಲ ರೊಟ್ಟಿ ಹೆಂಚು.
ಹತ್ತು ಗಂಟೆಯ ಮೇಲೆ ಮುಟ್ಟುವ ಹಾಗಿಲ್ಲ.
ಆಗ ರಾತ್ರಿ ನಡಿಗೆ. ಹಣೆಗೆ ದೀಪ ಕಟ್ಟಿಕೊಂಡು
ಇಪ್ಪತ್ತು ಜನ ಸಾಲಾಗಿ ಏರುವುದು.
ಬಂಗಾರಪೇಟೆಯ ನಸೀಮಾ ಟೀಚರು, ವರ್ಷ ಐವತ್ತನಾಲ್ಕು,
ತುದಿಯಲ್ಲಿ ನಿಂತು, ‘ಎಲ್ಲರೂ ದೀಪ ಆರಿಸಿ’ ಅಂದರು
ಕ್ಲಾಸಿನಲ್ಲಿ ಹೇಳುವ ಹಾಗೆ.
ಆರಿಸಿದೆವು.
ಬೆನ್ನ ಕೆಳಗೆ ಬಂಡೆ ಹಗಲಿನ ಬಿಸಿಲನ್ನು
ಇನ್ನೂ ಇಟ್ಟುಕೊಂಡಿತ್ತು, ಮುಚ್ಚಿಟ್ಟ ಅನ್ನದ ತಪ್ಪಲೆಯಂತೆ.
ಯಾರೋ ಗೊರಕೆ ಹೊಡೆದರು.

ಮಳೆ ಬಂದರೆ ಹಗ್ಗಕ್ಕೆ ರಜೆ, ಹೊಟ್ಟೆಗೆ ಕೆಲಸ:
ಗುಹೆಯೊಳಗೆ ತೆವಳುವುದು.
ಸಂದಿಯಲ್ಲಿ ಸಿಕ್ಕಿಕೊಂಡ ಬ್ಯಾಂಕ್ ಮ್ಯಾನೇಜರರಿಗೆ
ನಗು ಬಂತು; ನಕ್ಕಷ್ಟೂ ಹೊಟ್ಟೆ ಬಿಗಿಯಿತು.
‘ನಗಬೇಡಿ ಸಾರ್, ಉಸಿರು ಬಿಡಿ’ ಅಂತ
ಕಾಲು ಹಿಡಿದು ಎಳೆದವಳು ನಾನು.
ಸಾಲ ಕೇಳಲು ಹೋದಾಗ ಅವರು ಗುರುತು ಹಿಡಿಯಲಿಲ್ಲ.
ಹೋಗಲಿ, ಅವರು ನನ್ನ ಮುಖ ನೋಡಿರಲೂ ಇಲ್ಲ.

ಬಿಡುವಾದಾಗ ಹಗ್ಗ ತೊಳೆಯುತ್ತೇನೆ.
ಹೊಂಗೆ ನೆರಳಲ್ಲೇ ಒಣಗಬೇಕು, ಬಿಸಿಲು ಆಗದು.
ಒಂದು ಮುಸುವ ಸೀಮೆಸುಣ್ಣದ ಚೀಲ ಕದ್ದು
ಮುಖಕ್ಕೆ ಬಳಿದುಕೊಂಡು ಕೂತಿತ್ತು, ಮದುವೆಗೆ ಹೊರಟ ಹಾಗೆ.

ಸೀತಾಫಲ ಕಣ್ಣು ಬಿಡುವ ಹೊತ್ತಿಗೆ ಮತ್ತೆ ಹಗ್ಗ ಏರುತ್ತದೆ.

ಮೊದಲ ಬೋಲ್ಟು ಹೊಡೆಯುವಾಗ ನಡೆದದ್ದು:
ಮಿಷನ್ನು ಹಿಡಿದು ನಿಂತ ಮೇಷ್ಟ್ರನ್ನು ಸರಿಸಿ
ಅಪ್ಪ ಬಂಡೆಗೆ ಸುತ್ತಿಗೆ ತಟ್ಟಿದ, ಕಿವಿ ಇಟ್ಟ.
‘ಇಲ್ಲಿ ಬೇಡ, ಒಳಗೆ ಪೊಳ್ಳು. ಒಂದು ಗೇಣು ಆಚೆ.’
ಮೂವತ್ತು ವರ್ಷ ಈ ಬೆಟ್ಟವನ್ನು
ಬೀಸುವ ಕಲ್ಲು, ಮೈಲಿಗಲ್ಲು ಮಾಡಿ ಲಾರಿಗೆ ತುಂಬಿದವನು.
ಆ ಬೋಲ್ಟಿಗೇ ಈಗ ಎಲ್ಲರೂ ಜೋತುಬೀಳುವುದು.

ನಾಲ್ಕನೇ ನಂಬರಿನ ನೀಲಿ ಹಗ್ಗದ ಪುಟ ತೆಗೆಯಿರಿ.
ಹೋದ ಮಾಗಿಯಲ್ಲಿ ಅಪ್ಪ ಹಟ ಹಿಡಿದ:
‘ನನ್ನನ್ನೂ ಕಟ್ಟು.’
ಅರವತ್ತೆಂಟರ ಕಾಲು, ಚಪ್ಪಲಿಯೂ ಬೇಡವೆಂದು ಬರಿಗಾಲು.
ಅರ್ಧ ದಾರಿ ಹತ್ತಿ ನಿಂತವನು ಅಲ್ಲಿಂದಾಚೆ ಅಲುಗಲಿಲ್ಲ.
ಕೆಳಗೆ ನಾನು, ಎರಡು ಕೈಯಲ್ಲೂ ಅವನ ಭಾರ.
ಸುಸ್ತಾಯಿತೇನೋ ಎಂದು ಕೂಗಿದೆ.

‘ಇಲ್ಲಮ್ಮ. ಇಲ್ಲಿ ನನ್ನ ಉಳಿ ತೂತು ಐತೆ.
ಒಂದು, ಎರಡು... ಐದು. ಆರನೇದು ಅರ್ಧ.
ಬೆಣೆ ಹೊಡೆಯೋಕೆ ಇನ್ನು ಮೂರು ಬೇಕಿತ್ತು.
ನೀನು ಹುಟ್ಟಿದೆ ಅಂತ ಹೇಳಿ ಕಳಿಸಿದರು,
ಇಳಿದು ಬಂದುಬಿಟ್ಟೆ.’

ಆರನೆಯ ತೂತಿನಲ್ಲಿ ಎರಡು ಬೆರಳು ಹಿಡಿಸುತ್ತವೆ.
ಎಷ್ಟೋ ಸಲ ನಾನೇ ತೂರಿಸಿದ್ದೇನೆ,
ಹತ್ತುವವರಿಗೆ ಕೂಗಿ ಹೇಳಿದ್ದೇನೆ: ಎಡಕ್ಕೆ, ಮೇಲೆ, ಅಲ್ಲೇ, ಹಿಡೀರಿ.

ಆಮೇಲೆ ಅವನು ಕೈ ಬಿಟ್ಟ. ಬೇಕೆಂದೇ ಬಿಟ್ಟ.

ಬಿದ್ದವರು: ಗಟ್ಟಪ್ಪ.
ಎಷ್ಟು: ಆರು ಅಡಿ.
ಷರಾ: ಹಗ್ಗಕ್ಕೇನೂ ಆಗಿಲ್ಲ.